ಪ್ರೆಶರ್ ಏರಿಸಿದರೂ ಲೆಗೊ ಗಾಳಿ ಎಂಜಿನ್ ಯಾಕೆ ಜೋರಾಗಿ ಓಡುವುದಿಲ್ಲ?

ಓದುಗರ ಪ್ರಶ್ನೆ: "ಲೆಗೊ ಟೆಕ್ನಿಕ್‌ನ ಎರಡು ಗಾಳಿ ಸಿಲಿಂಡರ್, ಎರಡು ಸ್ವಿಚ್ ಹಾಕಿ ಎಂಜಿನ್ ಮಾಡಿದ್ದೇನೆ. ತಿರುಗುತ್ತದೆ, ಆದರೆ ತುಂಬಾ ನಿಧಾನ. ಒಮ್ಮೊಮ್ಮೆ ನಡುಗಿ ನಿಂತೇ ಬಿಡುತ್ತದೆ. ಕೈಪಂಪ್ ತೆಗೆದು ಕಂಪ್ರೆಸರ್ ಹಾಕಲಾ? ಪ್ರೆಶರ್ ಎಷ್ಟರವರೆಗೆ ಏರಿಸಬಹುದು?"

ಉತ್ತರ: ಏರಿಸಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಅದು ಮತ್ತೆ ಬರುತ್ತದೆ. ಪ್ರತಿ ಸಲವೂ ಕೊನೆಯ ವಾಕ್ಯ ಪ್ರೆಶರ್ ಬಗ್ಗೆಯೇ ಇರುತ್ತದೆ. ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ಗೊತ್ತಿಲ್ಲದವರಿಗೆ: ಟೆಕ್ನಿಕ್ ಅಂದರೆ ಓಡುವ ಯಂತ್ರಗಳನ್ನು ಕಟ್ಟುವ ಲೆಗೊ ಆಟಿಕೆ. ಅದರ ಸ್ವಿಚ್ ಕರೆಂಟಿನದ್ದಲ್ಲ, ಗಾಳಿಯನ್ನು ಸಿಲಿಂಡರಿನ ಈ ಬದಿಗೋ ಆ ಬದಿಗೋ ತಿರುಗಿಸುವ ಹಿಡಿಕೆಯ ವಾಲ್ವ್.

ಮೊದಲು ನಡುಗಿ ನಿಲ್ಲುವ ವಿಷಯ ಮುಗಿಸೋಣ, ಅದು ಸುಲಭ. ನಿಮ್ಮದು ಎರಡು ಸಿಲಿಂಡರಿನ ಎಂಜಿನ್, ಕ್ರ್ಯಾಂಕ್‌ಗಳ (ಪಿಸ್ಟನ್ನಿನ ಓಡಾಟದಿಂದ ಅಕ್ಷವನ್ನು ತಿರುಗಿಸುವ ತೋಳುಗಳ) ನಡುವೆ 90 ಡಿಗ್ರಿ ಅಂತರ ಇರಬೇಕು. ಮೊದಲ ಪಿಸ್ಟನ್ ಎರಡನೆಯದರ ಸ್ವಿಚ್ಚನ್ನು ತಳ್ಳುತ್ತದೆ, ಎರಡನೆಯದು ಮೊದಲನೆಯದರ ಸ್ವಿಚ್ಚನ್ನು ತಳ್ಳುತ್ತದೆ. ಹೀಗಿದ್ದರೆ ಒಂದು ಪಿಸ್ಟನ್ ತುದಿ ಮುಟ್ಟಿ ಬಲ ಕಳೆದುಕೊಂಡಾಗ ಇನ್ನೊಂದು ದಾರಿಯ ನಡುವೆ ಪೂರ್ತಿ ಬಲದಲ್ಲಿರುತ್ತದೆ. ಉಗಿಬಂಡಿಗಳ ಎರಡೂ ಬದಿಯ ಕ್ರ್ಯಾಂಕ್‌ಗಳನ್ನು 90 ಡಿಗ್ರಿ ತಿರುಗಿಸಿ ಕೂರಿಸುತ್ತಿದ್ದದ್ದೂ ಇದಕ್ಕೇ. ಈಗ ಯಾವುದಾದರೂ ಒಂದು ಸ್ವಿಚ್ಚಿನಿಂದ ಸಿಲಿಂಡರಿಗೆ ಹೋಗುವ ಎರಡು ಪೈಪ್ ಅದಲು ಬದಲಾಗಿದ್ದರೆ ಒಂದು ಸಿಲಿಂಡರ್ ಎಂಜಿನ್ನನ್ನು ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎಂಜಿನ್ ಒಂದೇ ಜಾಗದಲ್ಲಿ ಗಡಗಡ ನಡುಗಿ ನಿಲ್ಲುತ್ತದೆ. ಒಂದು ಸ್ವಿಚ್ಚಿನ ಪೈಪ್ ಮಾತ್ರ ತಿರುವಿ ನೋಡಿ. ಎರಡೂ ಸ್ವಿಚ್ಚಿನ ಪೈಪ್ ತಿರುವಿದರೆ ಎಂಜಿನ್ ಉಲ್ಟಾ ದಿಕ್ಕಿಗೆ ಓಡುತ್ತದೆ, ಅಷ್ಟೇ. ಒಂದನ್ನು ತಿರುವುವುದಕ್ಕೂ ಎರಡನ್ನೂ ತಿರುವುವುದಕ್ಕೂ ಇರುವ ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಇಡೀ ಎಂಜಿನ್ ಬಿಚ್ಚಿ ಮತ್ತೆ ಜೋಡಿಸುತ್ತಾರೆ!

ಈಗ ಪ್ರೆಶರ್ ವಿಷಯ. "ಪ್ರೆಶರ್ ಎರಡು ಪಟ್ಟು ಮಾಡಿದರೆ ವೇಗವೂ ಎರಡು ಪಟ್ಟು" ಎಂಬ ನಂಬಿಕೆ ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿದೆ. ಕೂರಲು ಕಾರಣವೂ ಇದೆ. ಪ್ರೆಶರ್ ತೀರಾ ಕಡಿಮೆ ಇದ್ದಾಗ ಎಂಜಿನ್ ತನ್ನದೇ ಘರ್ಷಣೆ ಗೆಲ್ಲಲಾರದೆ ಕುಂಟುತ್ತದೆ, ಆಗ ಸ್ವಲ್ಪ ಏರಿಸಿದರೆ ಚುರುಕಾಗುತ್ತದೆ. ಅದನ್ನು ಒಮ್ಮೆ ನೋಡಿದವರು ಹಾಗೆಯೇ ಏರಿಸುತ್ತಾ ಹೋದರೆ ವೇಗವೂ ಏರುತ್ತಲೇ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಒಂದು ಹಂತದ ನಂತರ ವೇಗ ಅಲ್ಲೇ ನಿಲ್ಲುತ್ತದೆ, ಆಮೇಲೆ ಪೈಪ್ ಕಳಚಿ ಹಾರುತ್ತದೆ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಪಿಸ್ಟನ್ನಿನ ಅಡ್ಡಳತೆ 12 ಮಿಲಿಮೀಟರ್, ಓಡಾಟ 30 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಹೊರಗಿನ ಗಾಳಿಗಿಂತ 2 ಬಾರ್ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಜಾಸ್ತಿ ಒತ್ತಡ ಕೊಟ್ಟರೆ ಪಿಸ್ಟನ್ ಮೇಲೆ ಸುಮಾರು 22 ನ್ಯೂಟನ್ ಬಲ ಬೀಳುತ್ತದೆ. ಅಂದರೆ ಎರಡು ಕಿಲೋಗಿಂತ ಜಾಸ್ತಿ ತೂಕ ಎತ್ತುವಷ್ಟು. ಅಂಗೈಯಲ್ಲಿ ಕೂರುವ ಪ್ಲಾಸ್ಟಿಕ್ ಎಂಜಿನ್ನಿಗೆ ಇದು ಬೇಕಾದಷ್ಟಾಯಿತು ಅಲ್ವಾ? ಬಲದ ಕೊರತೆ ಇಲ್ಲ. ಕೊರತೆ ಇರುವುದು ಗಾಳಿ ಬಂದು ಹೋಗುವ ದಾರಿಯಲ್ಲಿ.

ಒಂದು ಸಲ ಪಿಸ್ಟನ್ ಓಡಿದರೆ ಸುಮಾರು 3.4 ಸಿಸಿ ಗಾಳಿ ಬೇಕು. ಸಿಲಿಂಡರ್ ಎರಡೂ ಕಡೆಯಿಂದ ಕೆಲಸ ಮಾಡುತ್ತದೆ, ಸಿಲಿಂಡರ್‌ಗಳೂ ಎರಡು. ಹಾಗಾಗಿ ಒಂದು ಸುತ್ತಿಗೆ 13.6 ಸಿಸಿ. ನಿಮಿಷಕ್ಕೆ 300 ಸುತ್ತು ಬೇಕೆಂದರೆ 2 ಬಾರ್‌ನಲ್ಲಿ ತುಂಬಿದ ಗಾಳಿ ನಿಮಿಷಕ್ಕೆ 4 ಲೀಟರ್. ಅದೇ ಗಾಳಿಯನ್ನು ಹೊರಗೆ ಬಿಟ್ಟು ಅಳೆದರೆ 12 ಲೀಟರ್. ಇಷ್ಟೂ ಗಾಳಿ ಲೆಗೊ ಸ್ವಿಚ್ಚಿನ ಒಳಗಿರುವ ಸಣ್ಣ ತೂತಿನಲ್ಲೇ ಹೋಗಬೇಕು, ಅದೇ ತೂತಿನಲ್ಲೇ ವಾಪಸ್ಸೂ ಬರಬೇಕು. 1984ರಲ್ಲಿ ಟೆಕ್ನಿಕ್‌ನಲ್ಲಿ ಗಾಳಿ ಭಾಗಗಳು ಬಂದಾಗಿನಿಂದ ಈ ಸ್ವಿಚ್ಚಿನ ಕೆಲಸ ಒಂದೇ: ಅಗೆಯುವ ಯಂತ್ರದ ತೋಳನ್ನು ನಿಧಾನಕ್ಕೆ ಮೇಲೆತ್ತಿ ನಿಲ್ಲಿಸುವುದು. ಆ ಕೆಲಸವನ್ನು ಅದು ತುಂಬಾ ಚೆನ್ನಾಗಿ ಮಾಡುತ್ತದೆ. ಸೆಕೆಂಡಿಗೆ ಹತ್ತು ಸಲ ಗಾಳಿ ತಿರುಗಿಸಲಿ ಅಂತ ಅದನ್ನು ಯಾರೂ ಮಾಡಿದ್ದಲ್ಲ.

ಗಮನಿಸಿ, ಜನ ಯಾವಾಗಲೂ ಗಾಳಿ ಒಳಗೆ ಹೋಗುವುದನ್ನೇ ಯೋಚಿಸುತ್ತಾರೆ. ತೊಂದರೆ ಜಾಸ್ತಿ ಇರುವುದು ಹೊರಗೆ ಬರುವ ಕಡೆ. ಪಿಸ್ಟನ್ ತುದಿಗೆ ಬಂದು ಹಿಂದಕ್ಕೆ ಹೊರಡಬೇಕಾದರೆ ಮೊದಲೇ ತುಂಬಿದ್ದ ಗಾಳಿ ಹೊರಗೆ ಹೋಗಿ ಜಾಗ ಬಿಡಬೇಕು. ಬಿಡದಿದ್ದರೆ ಪಿಸ್ಟನ್ ಅದನ್ನೇ ತಳ್ಳಿಕೊಂಡು ಹೋಗುತ್ತದೆ. ನೀವು ಪ್ರೆಶರ್ ಏರಿಸಿದಷ್ಟೂ ಸಿಲಿಂಡರಿನಲ್ಲಿ ತುಂಬುವ ಗಾಳಿ ಜಾಸ್ತಿ, ಅದು ಖಾಲಿಯಾಗಲು ಬೇಕಾದ ಹೊತ್ತೂ ಜಾಸ್ತಿ. ಇಕ್ಕಟ್ಟು ತೂತಿನಲ್ಲಿ ಗಾಳಿಗೆ ಒಂದು ಗರಿಷ್ಠ ವೇಗವೂ ಇದೆ. ಒಳಗಿನ ಒಟ್ಟು ಒತ್ತಡ ಹೊರಗಿನದರ ಸುಮಾರು 1.9 ಪಟ್ಟು ದಾಟಿತು ಅಂದರೆ ತೂತಿನ ಅತಿ ಕಿರಿದಾದ ಜಾಗದಲ್ಲಿ ಗಾಳಿ ಶಬ್ದದ ವೇಗ ಮುಟ್ಟುತ್ತದೆ. ಅದರ ಮೇಲೆ ನೀವು ಎಷ್ಟೇ ಒತ್ತಿದರೂ ಅಲ್ಲಿ ಗಾಳಿ ಇನ್ನೂ ವೇಗವಾಗಿ ನುಗ್ಗುವುದಿಲ್ಲ. ಒಂದೇ ಬಾಗಿಲಿರುವ ಸಭಾಂಗಣದಿಂದ ಜನ ಹೊರಗೆ ಬರುವಾಗ ಹಿಂದಿನವರು ಎಷ್ಟು ನೂಕಿದರೂ ಬಾಗಿಲು ಅಗಲವಾಗುವುದಿಲ್ಲವಲ್ಲ, ಹಾಗೆ.

ಇನ್ನೊಂದು ಹೊಡೆತವೂ ಇದೆ. ಪ್ರೆಶರ್ ಜಾಸ್ತಿಯಾದಂತೆ ಪಿಸ್ಟನ್ನಿನ ರಬ್ಬರ್ ಸೀಲ್ ಗೋಡೆಗೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಸ್ವಿಚ್ಚಿನ ಒಳಗಿನ ರಬ್ಬರ್ ಕೂಡ ಹಾಗೆಯೇ. ಅಂದರೆ ನೀವು ಹೊಸದಾಗಿ ಕೊಟ್ಟ ಬಲದಲ್ಲಿ ಒಂದು ಪಾಲು ನೀವೇ ಹೆಚ್ಚಿಸಿದ ಘರ್ಷಣೆಗೆ ಹೋಯಿತು.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಗೇಜ್ ಇದ್ದರೆ ಟ್ಯಾಂಕಿನ ಹತ್ತಿರ ಇಡಬೇಡಿ. ಸ್ವಿಚ್ ಮತ್ತು ಸಿಲಿಂಡರ್ ನಡುವೆ ಟಿ-ಕೊಂಡಿ ಹಾಕಿ ಅಲ್ಲಿ ಸೇರಿಸಿ. ಕ್ರ್ಯಾಂಕ್ ಕೈಯಲ್ಲಿ ಹಿಡಿದಾಗ ಮುಳ್ಳು 2 ಬಾರ್ ತೋರಿಸುತ್ತದೆ. ಕೈ ಬಿಡಿ. ಎಂಜಿನ್ ಓಡಲು ಶುರುವಾದ ಕೂಡಲೇ ಮುಳ್ಳು ಕೆಳಗೆ ಬಿದ್ದು ಅಲ್ಲೇ ಒದ್ದಾಡುತ್ತದೆ. ಮೇಲೆ 2ಕ್ಕೂ ಹೋಗುವುದಿಲ್ಲ, ಕೆಳಗೆ ಸೊನ್ನೆಗೂ ಬರುವುದಿಲ್ಲ. ಮೇಲೆ ಹೋಗದಿರುವುದು ಗಾಳಿ ಬೇಗ ತುಂಬುತ್ತಿಲ್ಲ ಎಂಬುದಕ್ಕೆ ಸಾಕ್ಷಿ, ಕೆಳಗೆ ಬಾರದಿರುವುದು ಬೇಗ ಖಾಲಿಯಾಗುತ್ತಿಲ್ಲ ಎಂಬುದಕ್ಕೆ. ಟ್ಯಾಂಕಿನ ಗೇಜ್ ಮಾತ್ರ ನೋಡುವವರಿಗೆ ಇದು ಯಾವತ್ತೂ ಕಾಣುವುದಿಲ್ಲ.

ಎರಡನೇ ಪರೀಕ್ಷೆ ನನಗೆ ಇನ್ನೂ ಇಷ್ಟ. ಪ್ರೆಶರ್ ಮುಟ್ಟಲೇಬೇಡಿ. ಒಂದೊಂದು ಸಿಲಿಂಡರಿಗೂ ಒಂದರ ಬದಲು ಎರಡು ಸ್ವಿಚ್ ಅಕ್ಕಪಕ್ಕ ಇಟ್ಟು ಒಂದೇ ಅಕ್ಷಕ್ಕೆ ಕಟ್ಟಿ. ಎರಡರ ಪೈಪೂ ಸಿಲಿಂಡರಿನ ಹತ್ತಿರ ಸೇರಲಿ. ಸ್ವಿಚ್ ಜಾಸ್ತಿಯಾದ್ದರಿಂದ ಘರ್ಷಣೆ ಜಾಸ್ತಿಯಾಯಿತು, ಆದರೂ ಎಂಜಿನ್ ಮೊದಲಿಗಿಂತ ಜೋರಾಗಿ ಓಡಿದರೆ ನಿಮ್ಮ ಪ್ರಶ್ನೆಗೆ ಎಂಜಿನ್ನೇ ಉತ್ತರ ಕೊಟ್ಟಂತೆ. ಸುತ್ತು ಎಣಿಸಲು ಫ್ಲೈವೀಲ್ (ಅಕ್ಷದ ಮೇಲಿನ ಭಾರದ ಚಕ್ರ) ಮೇಲೆ ಬಿಳಿ ಚುಕ್ಕೆ ಅಂಟಿಸಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 240 ಚಿತ್ರದ ವಿಡಿಯೊದಲ್ಲಿ ಒಂದು ಸುತ್ತಿಗೆ 48 ಚಿತ್ರ ಬಂದರೆ ಸೆಕೆಂಡಿಗೆ 5 ಸುತ್ತು, ಅಂದರೆ ನಿಮಿಷಕ್ಕೆ 300. ಕಿವಿಯಲ್ಲಿ ಕೇಳಿ "ಜೋರಾಯ್ತು" ಅನ್ನಬೇಡಿ. ಪ್ರೆಶರ್ ಏರಿದಾಗ ಸದ್ದು ಜೋರಾಗುತ್ತದೆ, ಸುತ್ತು ಅಷ್ಟೇ ಇರುತ್ತದೆ. ಅಲ್ಲೇ ಬಹಳ ಜನ ಮೋಸ ಹೋಗುವುದು.

ಹಾಗಾದರೆ ಏನು ಮಾಡಬೇಕು? ಪೈಪ್ ಗಿಡ್ಡ ಮಾಡಿ. ಒಳಗಿನ ಅಡ್ಡಳತೆ 2 ಮಿಲಿಮೀಟರ್ ಅಂತ ಹಿಡಿದರೆ 30 ಸೆಂಟಿಮೀಟರ್ ಪೈಪಿನಲ್ಲಿ ಸುಮಾರು 1 ಸಿಸಿ ಗಾಳಿ ಕೂರುತ್ತದೆ. ನಿಮ್ಮ ಸಿಲಿಂಡರಿಗೆ ಬೇಕಾದ್ದೇ 3.4 ಸಿಸಿ. ಪ್ರತಿ ಓಟಕ್ಕೂ ಅದರ ಕಾಲು ಭಾಗಕ್ಕಿಂತ ಜಾಸ್ತಿ ಗಾಳಿ ಪೈಪ್ ತುಂಬಿಸಿ ಖಾಲಿ ಮಾಡುವುದರಲ್ಲೇ ಸುಮ್ನೆ ಹೋಗುತ್ತದೆ. ಸ್ವಿಚ್ಚನ್ನು ಸಿಲಿಂಡರಿನ ಮೈಗೆ ತಾಗುವಷ್ಟು ಹತ್ತಿರ ತನ್ನಿ. ಪೈಪ್ ಮಡಚಿ ಕುತ್ತಿಗೆ ಹಿಸುಕಿದಂತೆ ಆಗಿದೆಯಾ ನೋಡಿ. ಆಮೇಲೆ ಎಲ್ಲ ಪೈಪ್ ಕಳಚಿ ಎಂಜಿನ್ನನ್ನು ಬೆರಳಲ್ಲಿ ನಿಧಾನ ತಿರುಗಿಸಿ. ಒಂದೇ ಸಮ ಬರಬೇಕು. ಒಂದು ಜಾಗದಲ್ಲಿ ಹಿಡಿಯುತ್ತಿದ್ದರೆ ಪಿಸ್ಟನ್ ತಳಕ್ಕೆ ಬಡಿಯುತ್ತಿದೆ, ಇಲ್ಲವೇ ಸ್ವಿಚ್ಚಿನ ಹಿಡಿಕೆ ತನ್ನ ಮಿತಿ ಮುಟ್ಟಿದ ಮೇಲೂ ಪಿಸ್ಟನ್ ಅದನ್ನು ತಳ್ಳುತ್ತಿದೆ. ಅಕ್ಷದ ಬುಶ್‌ಗಳನ್ನು (ಅಕ್ಷ ಜಾರದಂತೆ ಹಾಕುವ ಬಳೆಗಳನ್ನು) ತೊಲೆಗೆ ಒತ್ತಿ ಕೂರಿಸಿರುತ್ತೀರಿ, ಕೂದಲೆಳೆಯಷ್ಟು ಸಡಿಲ ಬಿಡಿ. ಸೀಲಿಗೆ ಸಿಲಿಕೋನ್ ಎಣ್ಣೆ ಒಂದು ಹನಿ ಸಾಕು. ಪೆಟ್ರೋಲಿಯಂ ಎಣ್ಣೆ ಮಾತ್ರ ಹಾಕಬೇಡಿ, ರಬ್ಬರ್ ಊದಿಕೊಳ್ಳಬಹುದು, ಪ್ಲಾಸ್ಟಿಕ್ ಬಿರುಕು ಬಿಡಬಹುದು.

ಕಂಪ್ರೆಸರ್ ಹಾಕಬಾರದು ಅಂತ ನಾನು ಹೇಳುತ್ತಿಲ್ಲ. ಕೈ ನೋಯದೆ ಒಂದೇ ಸಮ ಗಾಳಿ ಬರಲು ಅದು ಒಳ್ಳೆಯದೇ. ನಡುವೆ ಒತ್ತಡವನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಇರಲಿ, 2 ಬಾರ್ ಆಸುಪಾಸಿನಲ್ಲೇ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿ. ಗಾಜಿನ ಬಾಟಲಿಯಲ್ಲಿ ಮಾತ್ರ ಯಾವ ಕಾರಣಕ್ಕೂ ಗಾಳಿ ತುಂಬಬೇಡಿ.

ನೀವು ಕೇಳಿಲ್ಲ, ಆದರೆ ಟ್ಯಾಂಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಎಂಜಿನ್ ಚೆನ್ನಾಗಿ ಓಡಲು ಶುರುವಾದ ಮೇಲೆ ಎಲ್ಲರೂ ಅದನ್ನು ಒಂದು ಗಾಡಿಯ ಮೇಲೆ ಕೂರಿಸಿ ಬಾಟಲಿ ಕಟ್ಟುತ್ತಾರೆ. ಒಂದು ಲೀಟರ್ ಟ್ಯಾಂಕಿನಲ್ಲಿ 2 ಬಾರ್ ತುಂಬಿದರೆ ಬಳಸಲು ಸಿಗುವುದು 2 ಲೀಟರ್ ಹೊರಗಾಳಿ. ಮೇಲೆ ಹಾಕಿದ ಲೆಕ್ಕದಂತೆ ನಿಮಿಷಕ್ಕೆ 12 ಲೀಟರ್ ಬೇಕು, ಅಂದರೆ 10 ಸೆಕೆಂಡಿನ ಓಟ. ಆ ಟ್ಯಾಂಕಿನಿಂದ ಪರಿಪೂರ್ಣವಾದ ಎಂಜಿನ್ ಕೂಡ ಹೊರತೆಗೆಯಬಹುದಾದ ಶಕ್ತಿ ಸುಮಾರು 130 ಜೂಲ್. ಒಂದು ಸಾಮಾನ್ಯ ಎಎ ಬ್ಯಾಟರಿಯಲ್ಲಿ 10,000 ಜೂಲ್‌ಗೂ ಜಾಸ್ತಿ ಇರುತ್ತದೆ. ಗಾಳಿಯಲ್ಲಿ ಶಕ್ತಿ ಕೂಡಿಡುವುದು ಇಷ್ಟು ಕಷ್ಟ.

ಹಾಗಿದ್ದೂ ಜನ ಗಾಳಿಯಲ್ಲಿ ಟ್ರ್ಯಾಮ್ ಓಡಿಸಿದ್ದಾರೆ! ಫ್ರಾನ್ಸಿನ ನಾಂಟ್ ನಗರದಲ್ಲಿ 1879ರಲ್ಲಿ ಮೆಕಾರ್ಸ್ಕಿ ಎಂಬವರ ಪದ್ಧತಿಯ ಗಾಳಿ ಟ್ರ್ಯಾಮ್ ಶುರುವಾಯಿತು. ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ, ದೊಡ್ಡ ಎಂಜಿನ್ನಿನಲ್ಲಿ ಅದರೊಳಗಿನ ತೇವ ಮಂಜುಗಟ್ಟುವಷ್ಟು. ಅದಕ್ಕೆ ಅಲ್ಲಿ ಗಾಳಿಯನ್ನು ಬಿಸಿನೀರಿನ ಮೂಲಕ ಹಾಯಿಸಿ ಆಮೇಲೆ ಸಿಲಿಂಡರಿಗೆ ಬಿಡುತ್ತಿದ್ದರು. ಆ ಬಿಸಿಯಿಂದ ಗಾಳಿಯ ಶಕ್ತಿಯೂ ಹೆಚ್ಚುತ್ತಿತ್ತು.

ನಿಮ್ಮ ಎಂಜಿನ್ ಪ್ರತಿ ಓಟದ ಕೊನೆಗೆ "ಸುಸ್" ಅನ್ನುತ್ತದಲ್ಲ, ಅದು ಇನ್ನೂ ಹಿಗ್ಗಿ ಕೆಲಸ ಮಾಡಬಹುದಾಗಿದ್ದ ಗಾಳಿ ಹೊರಗೆ ಹೋಗುವ ಸದ್ದು. ಜೇಮ್ಸ್ ವಾಟ್ 1782ರ ಪೇಟೆಂಟಿನಲ್ಲೇ ಇದಕ್ಕೆ ದಾರಿ ಹೇಳಿದ್ದ. ಪಿಸ್ಟನ್ ಪೂರ್ತಿ ಓಡುವ ಮೊದಲೇ ಒಳಬರುವ ಉಗಿಯನ್ನು ನಿಲ್ಲಿಸಿ, ಉಳಿದ ದಾರಿಯನ್ನು ಅದು ಹಿಗ್ಗುವ ಬಲದಲ್ಲೇ ಹೋಗಲಿ ಅಂತ. ಲೆಗೊ ಸ್ವಿಚ್ಚಿನಲ್ಲಿ ಇದನ್ನು ನೇರವಾಗಿ ಮಾಡಲಾಗುವುದಿಲ್ಲ. ಅದರ ಹಿಡಿಕೆ ನಡುವೆ ಬಂದಾಗ ಎರಡೂ ದಾರಿ ಮುಚ್ಚುತ್ತವೆ, ಅಂದರೆ ಗಾಳಿ ಒಳಗೆ ಬರುವುದೂ ನಿಂತಿತು, ಆಚೆ ಬದಿಯ ಗಾಳಿ ಹೊರಗೆ ಹೋಗುವುದೂ ನಿಂತಿತು. ಒಳದಾರಿಗೆ ಮೊದಲೇ ಮುಚ್ಚುವ ಇನ್ನೊಂದು ವಾಲ್ವ್ ಬೇಕು. ಮೆತ್ತನೆಯ ಸಿಲಿಕೋನ್ ಪೈಪನ್ನು ಕ್ಯಾಮ್‌ನಿಂದ (ಒಂದು ಕಡೆ ಉಬ್ಬಿರುವ, ತಿರುಗುವ ಚಕ್ರದಿಂದ) ಹಿಸುಕಿ ಮುಚ್ಚುವುದು ಸುಲಭದ ದಾರಿ. ಅರ್ಧ ಓಟಕ್ಕೇ ಗಾಳಿ ನಿಲ್ಲಿಸಿದರೆ ಎರಡು ಸಿಲಿಂಡರಿನ ಎಂಜಿನ್ ಕೆಲವು ಜಾಗದಲ್ಲಿ ತಾನಾಗಿ ಶುರುವಾಗುವುದಿಲ್ಲ. ಒಂದು ಪಿಸ್ಟನ್ ತುದಿಯಲ್ಲಿದ್ದಾಗ ಇನ್ನೊಂದಕ್ಕೆ ಆಗಷ್ಟೇ ಗಾಳಿ ನಿಂತಿರುತ್ತದೆ. ಅಷ್ಟು ದೂರ ಹೋಗುವ ಆಸೆ ಇದ್ದರೆ ಮೊದಲಿನಿಂದಲೇ ಮೂರು ಸಿಲಿಂಡರ್ ಇಟ್ಟು, ಕ್ರ್ಯಾಂಕ್‌ಗಳನ್ನು 120 ಡಿಗ್ರಿಗೆ ಕೂರಿಸಿ.