ಉಷ್ಣದ ಹರಿವು ಎಲ್ಲಿಗೆ ನಿಲ್ಲುತ್ತದೆ?

ಒಂದು ವಸ್ತುವಿನಿಂದ ಇನ್ನೊಂದಕ್ಕೆ ಶಕ್ತಿ ಮುಖ್ಯವಾಗಿ ಎರಡು ಬಗೆಯಲ್ಲಿ ದಾಟುತ್ತದೆ: ತಾಪಮಾನದ ವ್ಯತ್ಯಾಸದಿಂದ ಉಷ್ಣವಾಗಿ, ಇಲ್ಲವೇ ಬಲ ಹಾಕಿ ಸರಿಸಿದಾಗ ಕೆಲಸವಾಗಿ. ವಹನ, ಸಂವಹನ, ವಿಕಿರಣಗಳ ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡೋಣ. ಕಾಡುವುದು ಮಿಶ್ರಣದ ಲೆಕ್ಕ.

90 ಡಿಗ್ರಿ ಸೆಲ್ಸಿಯಸ್‌ನ 1 ಕೆ.ಜಿ. ಕಬ್ಬಿಣವನ್ನು 30 ಡಿಗ್ರಿಯ 1 ಕೆ.ಜಿ. ನೀರಿನಲ್ಲಿ ಮುಳುಗಿಸಿದರೆ ಕೊನೆಯ ತಾಪಮಾನ ಎಷ್ಟು? ತೂಕ ಸಮವಿರುವುದರಿಂದ 60 ಎನಿಸುತ್ತದೆ. ಆದರೆ ಉತ್ತರ ಸುಮಾರು 35.8. ಹರಿವು ನಿಲ್ಲುವುದು ಎರಡರ ತಾಪಮಾನ ಸಮವಾದಾಗ; ಎರಡರಲ್ಲೂ ಇರುವ ಶಕ್ತಿ ಸಮವಾಗಬೇಕೆಂದೇನೂ ಇಲ್ಲ. ಈ ಮಾತನ್ನು ಎರಡು ಸಲ ಓದಿ. ಕಬ್ಬಿಣ ಕಳೆದುಕೊಂಡ ಜೂಲ್‌ಗಳೂ ನೀರು ಪಡೆದ ಜೂಲ್‌ಗಳೂ ಒಂದೇ, ಸುಮಾರು 24,400. ಅಷ್ಟೇ ಶಕ್ತಿ ಹೋದಾಗ ಕಬ್ಬಿಣ 54 ಡಿಗ್ರಿ ಇಳಿಯಿತು, ಅಷ್ಟೇ ಬಂದಾಗ ನೀರು ಏರಿದ್ದು 6 ಡಿಗ್ರಿಗೂ ಕಡಿಮೆ. 1 ಕೆ.ಜಿ. ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಬೇಕು, ಕಬ್ಬಿಣಕ್ಕೆ 450 ಸಾಕು.

ನನಗೆ ತುಂಬ ಇಷ್ಟವಾದ ಸುಲಭ ದಾರಿ ಇಲ್ಲಿದೆ. ಪ್ರತಿ ವಸ್ತುವಿನ ದ್ರವ್ಯರಾಶಿಯನ್ನು ಅದರ ವಿಶಿಷ್ಟ ಉಷ್ಣದಿಂದ, ಅಂದರೆ 1 ಕೆ.ಜಿ.ಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಜೂಲ್‌ಗಳಿಂದ, ಗುಣಿಸಿ. ಇಲ್ಲಿ 4200 ಮತ್ತು 450, ಒಟ್ಟು 4650. ತಾಪಮಾನಗಳ ಅಂತರ 60. ನೀರಿನ ಏರಿಕೆಗೆ ಎದುರಿನ ವಸ್ತುವಿನ ಸಂಖ್ಯೆಯನ್ನೇ ಹಿಡಿಯಬೇಕು: 60 × 450 ÷ 4650 = 5.8. ಅದನ್ನು 30ಕ್ಕೆ ಕೂಡಿಸಿದರೆ ಮುಗಿಯಿತು. ಗುಣಲಬ್ಧ ದೊಡ್ಡದಿರುವ ವಸ್ತು ಕಡಿಮೆ ಕದಲುತ್ತದೆ ಎಂಬುದು ನೆನಪಿದ್ದರೆ ಸಂಖ್ಯೆ ಅದಲುಬದಲಾಗುವುದಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇದನ್ನೇ ಕಣ್ಣಾರೆ ಕಾಣಬಹುದು. ಬಾಣಲೆಯಲ್ಲಿ ಕಾದ ಮರಳು ರಾಶಿ, ಅದಕ್ಕೆ ಸುರಿಯುವ ಅಕ್ಕಿ ಸ್ವಲ್ಪ. ಮರಳಿನ ಗುಣಲಬ್ಧವೇ ದೊಡ್ಡದಾದ್ದರಿಂದ ಅದು ಹೆಚ್ಚು ತಣಿಯುವುದಿಲ್ಲ, ಕಾಳು ಮಾತ್ರ ಕ್ಷಣದಲ್ಲಿ ಕಾಯುತ್ತದೆ. ಮರಳು ಕಾಳನ್ನು ಸುತ್ತುವರಿದು ಎಲ್ಲ ಕಡೆಯಿಂದಲೂ ತಾಗುವುದರಿಂದ ವಹನ ಚುರುಕು. ಕಾಳಿನೊಳಗಿನ ತೇವ ಆವಿಯಾಗಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಕಾಳು ಅರಳುತ್ತದೆ. ಮರಳಿನಿಂದ ಉಷ್ಣವಾಗಿ ಬಂದ ಶಕ್ತಿಯ ಒಂದು ಪಾಲು ಇಲ್ಲಿ ಕೆಲಸವಾಗುತ್ತದೆ.

ಆದರೆ ಈ ಭಟ್ಟಿಯ ಲೆಕ್ಕಕ್ಕೆ ಮೇಲಿನ ಸುಲಭ ದಾರಿಯನ್ನು ಹಾಗೆಯೇ ಹಚ್ಚಬಾರದು. 1 ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ಏರಿಸಲು ಸುಮಾರು 294 ಜೂಲ್ ಸಾಕು, ಅದೇ 100 ಡಿಗ್ರಿಯಲ್ಲಿ ಆವಿಯಾಗಿಸಲು ಸುಮಾರು 2,260 ಬೇಕು. ಆವಿ ಹುಟ್ಟುವ ಲೆಕ್ಕ ಎದುರಾದರೆ ತಾಪಮಾನ ಏರಿಸದೆ ಆವಿಯಾಗಿಸಲಷ್ಟೇ ಖರ್ಚಾಗುವ ಈ ಗುಪ್ತೋಷ್ಣವನ್ನು ಮೊದಲು ಬೇರೆಯಾಗಿ ಬರೆದುಕೊಂಡು, ಕೊಟ್ಟ ಉಷ್ಣ ಮತ್ತು ಪಡೆದ ಉಷ್ಣದ ಸಮೀಕರಣಕ್ಕೆ ಆಮೇಲೆ ಸೇರಿಸಿ.