ಓದುಗರ ಪ್ರಶ್ನೆ: ಒಂದೇ ಮತ ಇರುವ ಮುಖ್ಯ ನ್ಯಾಯಮೂರ್ತಿ ಕೋರ್ಟಿನ ದಿಕ್ಕು ಬದಲಿಸಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು, ಮುಖ್ಯ ನ್ಯಾಯಮೂರ್ತಿಗೂ ಒಂದೇ ಮತ. ಹಾಗಿದ್ದೂ ವಿಲಿಯಂ ರೆನ್‌ಕ್ವಿಸ್ಟ್ ಕೋರ್ಟನ್ನು ಬಲಪಂಥದತ್ತ ತಿರುಗಿಸಿದರು ಎನ್ನುತ್ತಾರಲ್ಲ, ಹೇಗೆ?

ಉತ್ತರ: ನಮ್ಮಲ್ಲಿ ಯಾವ ಪ್ರಕರಣ ಯಾವ ಪೀಠಕ್ಕೆ ಹೋಗಬೇಕು ಎಂಬುದು ಮುಖ್ಯ ನ್ಯಾಯಮೂರ್ತಿಯ ಕೈಯಲ್ಲಿದೆ. ವಾಷಿಂಗ್ಟನ್ನಿನಲ್ಲಿ ಆ ಅಧಿಕಾರವಿಲ್ಲ, ಒಂಬತ್ತೂ ಜನ ಒಟ್ಟಿಗೇ ಕೂರುತ್ತಾರೆ. ವಾದ ಮುಗಿದ ಮೇಲೆ ಅವರಷ್ಟೇ ಇರುವ ಸಭೆಯಲ್ಲಿ ಮತ ಬೀಳುತ್ತದೆ. ಮುಖ್ಯ ನ್ಯಾಯಮೂರ್ತಿ ಬಹುಮತದ ಕಡೆ ಇದ್ದರೆ ತೀರ್ಪು ಯಾರು ಬರೆಯಬೇಕೆಂದು ಅವರೇ ಗೊತ್ತುಮಾಡುತ್ತಾರೆ, ಬೇಕಿದ್ದರೆ ತಾವೇ ಬರೆಯುತ್ತಾರೆ. ಅಲ್ಪಮತಕ್ಕೆ ಬಿದ್ದರೆ ಆ ಹಕ್ಕು ಬಹುಮತದಲ್ಲಿರುವ ಹಿರಿಯರಿಗೆ ಹೋಗುತ್ತದೆ. ಕೆಳಗಿನ ಕೋರ್ಟುಗಳನ್ನು ಕಟ್ಟಿಹಾಕುವುದು ತೀರ್ಪಿನಲ್ಲಿರುವ ಕಾರಣಗಳು. ಅದಕ್ಕೇ ಬರೆಯುವ ಕೈ ಯಾರದು ಎಂಬುದು ಇಷ್ಟು ಮುಖ್ಯ.

ರೆನ್‌ಕ್ವಿಸ್ಟ್ 1972ರ ಜನವರಿಯಲ್ಲಿ, ಅಧ್ಯಕ್ಷ ನಿಕ್ಸನ್ ಆಯ್ಕೆಯಾಗಿ, ಕೋರ್ಟು ಸೇರಿದರು. ಮೊದಲ ವರ್ಷಗಳಲ್ಲಿ ಎಷ್ಟೋ ಸಲ ಒಂಟಿಯಾಗಿ ಭಿನ್ನಮತ ಬರೆದರು. 1973ರ ರೋ ತೀರ್ಪಿನಲ್ಲಿ ಗರ್ಭಪಾತದ ಹಕ್ಕನ್ನು ಒಪ್ಪದಿದ್ದವರು ಇಬ್ಬರೇ: ಅವರು ಮತ್ತು ಬೈರನ್ ವೈಟ್. 1986ರಲ್ಲಿ ರೇಗನ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಸೆನೆಟ್ಟಿನಲ್ಲಿ 65 ಪರ, 33 ವಿರುದ್ಧ. ಅಲ್ಲಿಂದ 2005ರಲ್ಲಿ ಸಾಯುವವರೆಗೂ ಅವರು ಆ ಕುರ್ಚಿಯಲ್ಲಿದ್ದರು.

ಅವರ ಕೆಲಸವೇನೆಂದು ನೋಡಬೇಕಾದರೆ 1995ರ ಲೋಪೆಜ್ ಪ್ರಕರಣ ಸಾಕು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಹನ್ನೆರಡನೇ ತರಗತಿಯ ಹುಡುಗನೊಬ್ಬ ಶಾಲೆಗೆ ಪಿಸ್ತೂಲು ತಂದಿದ್ದ. ಶಾಲೆಯ ಸುತ್ತಮುತ್ತ ಬಂದೂಕು ಇಟ್ಟುಕೊಳ್ಳುವುದು 1990ರ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರದಡಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ಮಾಡಿತ್ತು. ಬಂದೂಕಿನಿಂದ ಅಪರಾಧ, ಅಪರಾಧದಿಂದ ವಿಮೆಯ ಖರ್ಚು, ಭಯದಿಂದ ಓದಿಗೆ ಪೆಟ್ಟು, ಕೊನೆಗೆ ಆರ್ಥಿಕತೆಗೂ ಪೆಟ್ಟು ಎಂಬುದು ಸರ್ಕಾರದ ವಾದ. ಈ ಸರಪಣಿ ಒಪ್ಪಿದರೆ ಕಾಂಗ್ರೆಸ್ ಕೈಗೆ ಸಿಗದ ವಿಷಯವೇ ಉಳಿಯುವುದಿಲ್ಲ ಎಂದು ರೆನ್‌ಕ್ವಿಸ್ಟ್ ತಾವೇ ಬರೆದ ತೀರ್ಪಿನಲ್ಲಿ ಹೇಳಿದರು. 5-4ರಲ್ಲಿ ಕಾನೂನು ಬಿತ್ತು. ಈ ಅಧಿಕಾರ ಮೀರಿದೆ ಎಂದು ಕೇಂದ್ರ ಕಾನೂನೊಂದನ್ನು ರದ್ದು ಮಾಡಿದ್ದು 1930ರ ದಶಕದ ನಂತರ ಅದೇ ಮೊದಲು. ಆದರೆ ಪರಿಣಾಮವನ್ನು ಹಿಗ್ಗಿಸಿ ಹೇಳಬಾರದು: ಬಂದೂಕು ರಾಜ್ಯದ ಗಡಿ ದಾಟಿ ಬಂದದ್ದಾಗಿರಬೇಕು ಎಂಬಂಥ ಷರತ್ತು ಸೇರಿಸಿ ಕಾಂಗ್ರೆಸ್ 1996ರಲ್ಲಿ ಅದೇ ಕಾನೂನನ್ನು ಮತ್ತೆ ತಂದಿತು.

2000ದ ಡಿಕರ್‌ಸನ್ ಪ್ರಕರಣ ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಪೊಲೀಸರು ವಿಚಾರಣೆಗೆ ಮುಂಚೆ ಆರೋಪಿಗೆ ಹಕ್ಕುಗಳನ್ನು ತಿಳಿಸಬೇಕೆಂಬ ಮಿರಾಂಡಾ ನಿಯಮವನ್ನು ವರ್ಷಗಟ್ಟಲೆ ಸಡಿಲಿಸಿದ್ದ ರೆನ್‌ಕ್ವಿಸ್ಟ್ ಅವರೇ ಇಲ್ಲಿ 7-2ರ ಬಹುಮತ ಸೇರಿ ಅದನ್ನು ಉಳಿಸಿದರು. ಮನಸ್ಸು ಬದಲಾಯಿತೆ? ನಮಗೆ ಹಾಗೆ ಕಾಣುವುದಿಲ್ಲ. ಅವರು ಆಚೆ ಹೋಗಿದ್ದರೂ 6-3ರಲ್ಲಿ ನಿಯಮ ಉಳಿಯುತ್ತಿತ್ತು. ಆಗ ಬರೆಯುವವರನ್ನು ಆರಿಸುತ್ತಿದ್ದವರು ಉದಾರವಾದಿ ಜಾನ್ ಪಾಲ್ ಸ್ಟೀವನ್ಸ್. ಬಹುಮತದಲ್ಲೇ ನಿಂತು ತಾವೇ ಬರೆದದ್ದರಿಂದ ನಿಯಮವೂ ಉಳಿಯಿತು, ಹಿಂದೆ ಅದಕ್ಕೆ ಹಾಕಿದ್ದ ವಿನಾಯಿತಿಗಳೂ ಉಳಿದವು. ಸಂವಿಧಾನದ ಅರ್ಥವನ್ನು ಕಾಂಗ್ರೆಸ್ ಮಾಮೂಲಿ ಕಾನೂನಿನಿಂದ ಬದಲಿಸಲಾಗದು ಎಂಬ ಕೋರ್ಟಿನ ಹಕ್ಕನ್ನು ಕಾಯುವ ಹಟವೂ ಆ ತೀರ್ಪಿನಲ್ಲಿದೆ.

ಎಲ್ಲೆಡೆ ಅವರ ಮಾತು ನಡೆಯಲಿಲ್ಲ. 1992ರಲ್ಲಿ ರೋ ತೀರ್ಪನ್ನು ಕಿತ್ತುಹಾಕಲು ಅವರಿಗೆ ನಾಲ್ಕೇ ಮತ ಸಿಕ್ಕಿದವು, ಒಂದು ಕಡಿಮೆ. ಆದರೆ 1997ರಲ್ಲಿ ವೈದ್ಯರ ನೆರವಿನ ಆತ್ಮಹತ್ಯೆಯ ಪ್ರಕರಣದಲ್ಲಿ, ಸಂವಿಧಾನದಲ್ಲಿ ಬರೆಯದ ಹಕ್ಕು ದೇಶದ ಇತಿಹಾಸ, ಪರಂಪರೆಯಲ್ಲಿ ಆಳವಾಗಿ ಬೇರೂರಿರಬೇಕು ಎಂಬ ಅಳತೆಗೋಲನ್ನು ಅವರು ಬರೆದಿಟ್ಟರು. 2022ರ ಡಾಬ್ಸ್ ತೀರ್ಪು ರೋವನ್ನು ರದ್ದು ಮಾಡಿದ್ದು ಆ ಅಳತೆಗೋಲು ಹಿಡಿದೇ. ಒಂದು ಕಾಲಕ್ಕೆ ಅವರ ಕ್ಲರ್ಕ್ (ಕಾನೂನು ಸಹಾಯಕ) ಆಗಿದ್ದ, ಅವರ ನಂತರ ಮುಖ್ಯ ನ್ಯಾಯಮೂರ್ತಿಯಾದ ಜಾನ್ ರಾಬರ್ಟ್ಸ್ ಮಾತ್ರ ಆ ದಿನ ಅಷ್ಟು ದೂರ ಹೋಗಲು ಒಪ್ಪಲಿಲ್ಲ.