ಜರ್ಮನಿಯೂ ಬ್ರಿಟನ್ನೂ ಒಂದೇ ಸಾಲಿನಲ್ಲಿ

ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಯುರೋಪಿನ ಬಹುಪಾಲು ದೇಶಗಳಲ್ಲಿ ಪ್ರಜಾಪ್ರಭುತ್ವ ಬೇರೂರುವಂತೆ ಕಾಣುತ್ತಿತ್ತು. ಎರಡನೆಯದು ಶುರುವಾಗುವ ಹೊತ್ತಿಗೆ ಇಟಲಿ, ಜರ್ಮನಿ, ಆಸ್ಟ್ರಿಯಾ, ಪೋರ್ಚುಗಲ್, ಸ್ಪೇನ್‌ಗಳಲ್ಲಿ ಅದು ಮಣ್ಣುಪಾಲಾಗಿತ್ತು. ಬ್ರಿಟನ್, ಸ್ವೀಡನ್, ಬೆಲ್ಜಿಯಂ, ಫಿನ್ಲೆಂಡ್‌ಗಳಲ್ಲಿ ಉಳಿದಿತ್ತು. ಏಕೆ ಹೀಗಾಯಿತು?

ಇತಿಹಾಸಕಾರರನ್ನು ಕೇಳಿದರೆ ಒಂದೊಂದು ದೇಶಕ್ಕೂ ಒಂದೊಂದು ದಪ್ಪ ಪುಸ್ತಕ ಕೊಡುತ್ತಾರೆ. ಸಂಖ್ಯಾಶಾಸ್ತ್ರಜ್ಞರಿಗೆ ನೂರಾರು ಉದಾಹರಣೆಗಳು ಬೇಕು. ಇರುವುದು ಡಜನ್ನೋ ಒಂದೂವರೆ ಡಜನ್ನೋ ದೇಶಗಳು. ಈ ನಡುವಿನ ಜಾಗಕ್ಕಾಗಿ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ರಾಗಿನ್ 1987ರಲ್ಲಿ ಒಂದು ವಿಧಾನವನ್ನು ಮುಂದಿಟ್ಟರು. ಅದೇ ಗುಣಾತ್ಮಕ ತುಲನಾತ್ಮಕ ವಿಶ್ಲೇಷಣೆ, ಚಿಕ್ಕದಾಗಿ ಕ್ಯೂಸಿಎ.

ಇಲ್ಲಿ ಪ್ರಶ್ನೆಯೇ ಬೇರೆ. ‘ಸಾಕ್ಷರತೆಯ ಪಾಲು ಎಷ್ಟು, ಸಂಪತ್ತಿನ ಪಾಲು ಎಷ್ಟು’ ಎಂದು ಕ್ಯೂಸಿಎ ಕೇಳುವುದಿಲ್ಲ. ಯಾವ ಯಾವ ಅಂಶಗಳು ಒಟ್ಟು ಸೇರಿದಾಗ ಫಲ ಕಾಣಿಸಿತು ಎಂದು ಕೇಳುತ್ತದೆ. ಹಾಲು ಮೊಸರಾಗಲು ಹೆಪ್ಪೂ ಬೇಕು, ಹದವಾದ ಬಿಸಿಯೂ ಬೇಕು. ಮೊಸರಿನಲ್ಲಿ ಬಿಸಿಯ ಪಾಲು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ. ಒಂದೇ ಫಲಕ್ಕೆ ಹಲವು ದಾರಿಗಳಿರಬಹುದು ಎಂಬುದನ್ನೂ ಈ ವಿಧಾನ ಮೊದಲೇ ಒಪ್ಪಿಕೊಳ್ಳುತ್ತದೆ. ಇದರ ಗಣಿತ ಬೂಲಿಯನ್ ಬೀಜಗಣಿತ, ಅಂದರೆ ‘ಹೌದು’, ‘ಇಲ್ಲ’ ಎಂಬ ಎರಡೇ ಬೆಲೆಗಳ ಲೆಕ್ಕ. ದೊಡ್ಡ ತಾರ್ಕಿಕ ಸೂತ್ರವನ್ನು ಸಂಕ್ಷೇಪಿಸಲು ಇಲ್ಲಿ ಬಳಸುವ ಕ್ವೈನ್-ಮಕ್‌ಕ್ಲಸ್ಕಿ ಕ್ರಮ 1950ರ ದಶಕದ್ದು. ಎಂಜಿನಿಯರುಗಳು ಅದನ್ನು ವಿದ್ಯುನ್ಮಂಡಲಗಳನ್ನು ಸರಳಗೊಳಿಸಲು ಬಳಸುತ್ತಿದ್ದರು.

ಎರಡು ಯುದ್ಧಗಳ ನಡುವಿನ ಯುರೋಪು ಈ ವಿಧಾನದ ಪಠ್ಯಪುಸ್ತಕದ ಉದಾಹರಣೆ. ಡಿರ್ಕ್ ಬರ್ಗ್-ಶ್ಲಾಸರ್ ಮತ್ತು ಜಿಸೆಲ್ ಡಿ ಮ್ಯೂರ್ ಅವರ ಸಂಶೋಧನೆಯಿಂದ ಬಂದ ದತ್ತಾಂಶದಲ್ಲಿ 18 ದೇಶಗಳಿವೆ. ಎಂಟು ಉಳಿದವು, ಹತ್ತು ಬಿದ್ದವು. ಶ್ರೀಮಂತ ಸಮಾಜಗಳಲ್ಲಿ ಪ್ರಜಾಪ್ರಭುತ್ವ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಸೇಮೌರ್ ಲಿಪ್ಸೆಟ್ 1959ರಲ್ಲಿ ವಾದಿಸಿದ್ದರು. ಅದರಿಂದ ನಾಲ್ಕು ಅಂಶಗಳನ್ನು ಎತ್ತಿಕೊಳ್ಳಲಾಯಿತು: ತಲಾ ಆದಾಯ, ನಗರೀಕರಣ, ಸಾಕ್ಷರತೆ, ಕೈಗಾರಿಕೆ. ಪ್ರತಿಯೊಂದಕ್ಕೂ ಒಂದು ಗೆರೆ: ಅದನ್ನು ಮುಟ್ಟಿದರೆ ‘ಇದೆ’, ಅಂದರೆ 1; ಮುಟ್ಟದಿದ್ದರೆ ‘ಇಲ್ಲ’, ಅಂದರೆ 0. ಸೊನ್ನೆ-ಒಂದುಗಳ ಪ್ರತಿ ಜೋಡಣೆಗೂ ಒಂದು ಸಾಲಿನಂತೆ ನಾಲ್ಕು ಅಂಶಗಳಿಗೆ 16 ಸಾಲುಗಳ ಸತ್ಯ ಕೋಷ್ಟಕ ಸಿದ್ಧ.

ಭರ್ತಿ ಮಾಡಿ ನೋಡಿದರೆ ಎಲ್ಲ ಅಂಕಿಗಳೂ 1 ಇರುವ ಸಾಲಿನಲ್ಲಿ ಬ್ರಿಟನ್, ಬೆಲ್ಜಿಯಂ, ನೆದರ್ಲೆಂಡ್ಸ್, ಜೊತೆಗೇ ಜರ್ಮನಿ! ಫ್ರಾನ್ಸ್, ಸ್ವೀಡನ್‌ಗಳ ಸಾಲಿನಲ್ಲಿ ಆಸ್ಟ್ರಿಯಾ. ಸರಾಸರಿ ತೆಗೆಯುವ ವಿಧಾನದಲ್ಲಿ ಜರ್ಮನಿ ಒಂದು ಅಪವಾದ ಎನಿಸಿಕೊಂಡು ಬದಿಗೆ ಸರಿಯಬಹುದು. ಇಲ್ಲಿ ಆ ಸಾಲಿಗೆ ‘ವಿರೋಧಾಭಾಸ’ ಎಂಬ ಮುದ್ರೆ ಬೀಳುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಂಶೋಧಕ ಮತ್ತೆ ಇತಿಹಾಸದ ಕಡತ ಬಿಚ್ಚಲೇಬೇಕು. ನನ್ನ ಪ್ರಕಾರ ಈ ವಿಧಾನದ ನಿಜವಾದ ಬೆಲೆ ಇರುವುದು ಈ ನಿಲುಗಡೆಯಲ್ಲೇ.

ಆದರೆ ನಿಂತ ಗಾಡಿಯನ್ನು ಮುಂದೆ ತಳ್ಳುವ ಬಗೆಯನ್ನೂ ನೋಡಬೇಕು. ತಲಾ ಆದಾಯದ ಗೆರೆಯನ್ನು ಮೊದಲು 600 ಡಾಲರ್‌ಗೆ ಎಳೆಯಲಾಗಿತ್ತು. ಫಿನ್ಲೆಂಡಿನದು 590. ಹತ್ತು ಡಾಲರ್ ಕೊರತೆಯಿಂದ ಅದು ಬಡದೇಶವಾಗಿ, 1934ರಲ್ಲಿ ಸರ್ವಾಧಿಕಾರಕ್ಕೆ ಸರಿದ ಎಸ್ಟೋನಿಯಾದ ಪಕ್ಕ ಕುಳಿತಿತ್ತು. ಗೆರೆಯನ್ನು 550ಕ್ಕೆ ಇಳಿಸಿದಾಗ ಫಿನ್ಲೆಂಡ್ ಶ್ರೀಮಂತರ ಸಾಲಿಗೆ ಬಡ್ತಿ ಪಡೆಯಿತು. ದೇಶಗಳ ಆದಾಯಗಳ ನಡುವೆ ಅಲ್ಲಿ ಸಹಜವಾದ ಅಂತರವಿದೆ ಎಂಬುದು ಇದಕ್ಕೆ ಕೊಟ್ಟ ಸಮರ್ಥನೆ. ಒಪ್ಪಬಹುದಾದ ಮಾತೇ. ಆದರೂ ಫಲಿತಾಂಶ ನೋಡಿದ ಮೇಲೆ ಗೆರೆ ಸರಿಸುವುದು ಸಂಶಯಕ್ಕೆ ದಾರಿ.

ಜರ್ಮನಿ, ಆಸ್ಟ್ರಿಯಾಗಳನ್ನು ಬೇರ್ಪಡಿಸಲು ಐದನೆಯ ಅಂಶ ಬಂತು: ಸರ್ಕಾರದ ಸ್ಥಿರತೆ. ಆ ಅವಧಿಯಲ್ಲಿ ಹತ್ತು ಅಥವಾ ಹೆಚ್ಚು ಸಚಿವ ಸಂಪುಟಗಳು ಬಂದುಹೋಗಿದ್ದರೆ ಅಸ್ಥಿರ. ವಿರೋಧಾಭಾಸಗಳು ಕರಗಿದವು. ಸಂಪುಟಗಳು ಪದೇ ಪದೇ ಉರುಳುವುದು ರೋಗಕ್ಕೆ ಕಾರಣವೋ ರೋಗದ್ದೇ ಲಕ್ಷಣವೋ ಎಂಬ ತಕರಾರು ನನಗಿದೆ. ಆದರೆ ತಕರಾರು ಎತ್ತಲು ಬೇಕಾದ ಗೆರೆ, ಸಾಲು, ತಿದ್ದುಪಡಿ ಎಲ್ಲವೂ ಕೋಷ್ಟಕದಲ್ಲಿ ಬಹಿರಂಗವಾಗಿವೆ.

ಇನ್ನೊಂದು ಸೂಕ್ಷ್ಮವಿದೆ. ಐದು ಅಂಶಗಳೆಂದರೆ 32 ಸಾಲುಗಳು. ದೇಶಗಳು ಹದಿನೆಂಟೇ, ಅವೂ ಕೆಲವೇ ಸಾಲುಗಳಲ್ಲಿ ಗುಂಪುಗೂಡಿವೆ. ಮಿಕ್ಕ ಸಾಲುಗಳು ಖಾಲಿ. ಅಂಥ ದೇಶಗಳು ಇದ್ದಿದ್ದರೆ ಏನಾಗುತ್ತಿತ್ತೆಂದು ಇತಿಹಾಸ ಹೇಳಿಲ್ಲ. ಖಾಲಿ ಸಾಲುಗಳನ್ನು ತನಗೆ ಅನುಕೂಲವಾಗುವಂತೆ ಊಹಿಸಿಕೊಳ್ಳಲು ಕಂಪ್ಯೂಟರಿಗೆ ಬಿಟ್ಟರೆ ಉತ್ತರ ಚುಟುಕಾಗಿರುತ್ತದೆ: ಆದಾಯವೂ ಸ್ಥಿರ ಸರ್ಕಾರವೂ ಇದ್ದರೆ ಪ್ರಜಾಪ್ರಭುತ್ವ ಉಳಿಯಿತು. ಊಹೆಗೆ ಅವಕಾಶ ಕೊಡದಿದ್ದರೆ ಸಾಕ್ಷರತೆಯೂ ಸೇರಿಕೊಳ್ಳುತ್ತದೆ, ಕೈಗಾರಿಕೆ ಮತ್ತು ನಗರೀಕರಣದ ಬಗ್ಗೆಯೂ ಬಾಲಂಗೋಚಿ ಅಂಟಿಕೊಳ್ಳುತ್ತದೆ. ಒಂದೇ ದತ್ತಾಂಶ, ಎರಡು ಉತ್ತರ. ಲೇಖನದಲ್ಲಿ ಯಾವುದನ್ನು ಕೊಟ್ಟಿದ್ದಾರೆಂದು ಓದುಗ ಮೊದಲು ಗಮನಿಸಬೇಕು.

ಪ್ರತಿಯೊಂದನ್ನೂ ಸೊನ್ನೆ-ಒಂದಕ್ಕೆ ಕತ್ತರಿಸುವ ಒರಟುತನಕ್ಕೆ ರಾಗಿನ್ ಅವರೇ ಮುಂದೆ ಮದ್ದು ಹುಡುಕಿದರು. ಲೋಟ್ಫಿ ಝಾದೆ 1965ರಲ್ಲಿ ರೂಪಿಸಿದ್ದ ಫಜ್ಜಿ ಗಣಗಳನ್ನು, ಅಂದರೆ ಭಾಗಶಃ ಸದಸ್ಯತ್ವಕ್ಕೂ ಜಾಗವಿರುವ ಗುಂಪುಗಳನ್ನು, ಬಳಸಿದರೆ ದೇಶವೊಂದು ‘ಶ್ರೀಮಂತ’ ಗುಂಪಿಗೆ 0.6ರಷ್ಟು ಸೇರಿರಬಹುದು. ಗೆರೆ ಎಲ್ಲಿ ಎಳೆಯಬೇಕೆಂಬ ತಲೆನೋವು ಕಡಿಮೆಯಾಯಿತೇ ಹೊರತು ಹೋಗಲಿಲ್ಲ.

ಇದನ್ನೆಲ್ಲ ಓದುವ ಭಾರತೀಯರಿಗೆ ಬರುವ ಪ್ರಶ್ನೆ ಸ್ಪಷ್ಟ. 1951ರ ಜನಗಣತಿಯ ಪ್ರಕಾರ ನಮ್ಮ ಸಾಕ್ಷರತೆ ಶೇ 18ರ ಆಸುಪಾಸು, ಬಡತನ ಕೇಳಲೇಬೇಡಿ. ಅದೇ ವರ್ಷ ಆರಂಭವಾದ ಮೊದಲ ಮಹಾಚುನಾವಣೆ ಯುರೋಪಿನ ಸೂತ್ರದ ಪ್ರಕಾರ ಕೊನೆಯದೂ ಆಗಬೇಕಿತ್ತು. ಹಾಗಾದರೆ ಸೂತ್ರ ಸುಳ್ಳೇ? ಕ್ಯೂಸಿಎ ಬಲ್ಲವರು ಹಾಗೆನ್ನುವುದಿಲ್ಲ. ಆ ಕೋಷ್ಟಕ ಆ 18 ದೇಶಗಳ, ಆ ಎರಡು ದಶಕಗಳ ಬಗ್ಗೆ ಮಾತ್ರ ಮಾತನಾಡುತ್ತದೆ. ಭಾರತವನ್ನು ಅರ್ಥಮಾಡಿಕೊಳ್ಳಬೇಕಾದರೆ ಪಾಕಿಸ್ತಾನ, ಬರ್ಮಾ, ಸಿಲೋನ್, ಇಂಡೋನೇಷ್ಯಾಗಳನ್ನು ಪಕ್ಕದಲ್ಲಿಟ್ಟು ಹೊಸ ಕೋಷ್ಟಕ ಬರೆಯಬೇಕು. ಅಲ್ಲಿ ಯಾವ ಅಂಶಗಳನ್ನು ಸೇರಿಸಬೇಕು, ಸೈನ್ಯದ್ದೇ, ಪಕ್ಷದ ಸಂಘಟನೆಯದ್ದೇ, ವಸಾಹತು ಆಡಳಿತದ್ದೇ ಎಂಬುದನ್ನು ಕಂಪ್ಯೂಟರ್ ಹೇಳುವುದಿಲ್ಲ.